ಮೂವತ್ತೊಂದನೇ ಬಾಗಿಲು

ಆಟದ ಪಾರ್ಕಿಗೆ ಬಂದವರು ನಕ್ಕಿದ್ದು ಅವರ ಫೋಟೋದಲ್ಲಿ ಉಳಿಯುತ್ತದೆ. ಕಕ್ಕಿದ್ದು ನಮ್ಮ ಪಾಲಿಗೆ ಉಳಿಯುತ್ತದೆ. ಹೀಗೆ ಬಾಯಿಬಿಟ್ಟು ಹೇಳಲು ನನಗೆ ಸಂಕೋಚವಿಲ್ಲ. ಏಳು ವರ್ಷದಿಂದ ನಮ್ಮ ಮನೆಯ ಎರಡು ಜೊತೆ ಕೈಗಳು ಅದನ್ನೇ ಒರೆಸುತ್ತಿವೆ.

ಜನ ಬೆಳಗ್ಗೆಯಿಂದ ತಲೆಕೆಳಗಾಗಿ ತಿರುಗುವ ಯಂತ್ರಗಳಲ್ಲಿ ಕೂರುತ್ತಾರೆ. ಬಣ್ಣದ ನೀರು ಕುಡಿಯುತ್ತಾರೆ. ಮತ್ತೆ ತಿರುಗುತ್ತಾರೆ. ಕೊನೆಗೆ ಗೇಟಿನಿಂದ ಹೊರಗೆ ಬಂದರೆ ಅವರ ಕಾರುಗಳು ಅರ್ಧ ಮೈಲಿ ಆಚೆ, ಡಾಂಬರು ಬಳಿದ ಬಯಲಿನಲ್ಲಿ ನಿಂತಿರುತ್ತವೆ. ಅಲ್ಲಿಗೆ ಕರೆದುಕೊಂಡು ಹೋಗಲು ಟ್ರಾಮ್ ಇದೆ. ಹೆಸರಿಗೆ ಟ್ರಾಮ್, ಹಳಿ ಇಲ್ಲ, ರಬ್ಬರು ಚಕ್ರ. ಮುಂದೆ ಒಂದು ಎಂಜಿನ್ನು, ಹಿಂದೆ ಐದು ಡಬ್ಬಿ. ಡಬ್ಬಿಗೆ ಆರು ಸಾಲು ಬೆಂಚು. ಬಲಗಡೆ ಕಬ್ಬಿಣದ ಕಂಬಿ. ಎಡಗಡೆ ಏನೂ ಇಲ್ಲ, ಸಾಲಿಗೊಂದು ಪ್ಲಾಸ್ಟಿಕ್ ಸರಪಳಿ ಬಿಟ್ಟರೆ. ಆ ಎಡಬದಿಗೇ ಉದ್ದಕ್ಕೂ ಒಂದು ಗೇಣು ಅಗಲದ ಹಲಗೆ, ಕಾಲಿಟ್ಟು ಹತ್ತುವುದಕ್ಕೆ. ಐದನೇ ಡಬ್ಬಿಯ ಹಿಂದೆ ಒಂದು ಒಂಟಿ ಸೀಟು. ಅಲ್ಲಿ ಕೂರುವವಳಿಗೆ ಬಾಲದವಳು ಅಂತ ಹೆಸರು. ಒಂದು ಮೈಕು, ಒಂದು ವಿಷಲ್ಲು, ಒಂದು ಬಕೆಟ್ಟು, ಒಂದು ಬಟ್ಟೆ. ಬಾಲದವಳ ಆಸ್ತಿ ಇಷ್ಟೇ.

ಮೂರನೇ ನಂಬರಿನ ಟ್ರಾಮಿನ ಬಾಲದವಳು ನನ್ನ ಅತ್ತಿಗೆ. ನನ್ನ ಅಣ್ಣನ ಹೆಂಡತಿ. ಅಣ್ಣ ಹೋಗಿ ಒಂಬತ್ತು ವರ್ಷವಾಯಿತು. ಅತ್ತಿಗೆ ನಮ್ಮ ಜೊತೆಗೇ ಉಳಿದಳು. ಅವಳೇ ನನ್ನನ್ನೂ ಪಾರ್ಕಿಗೆ ಸೇರಿಸಿದ್ದು. ನಾನು ಗೇಟಿನ ಬಳಿಯ ನಿಲ್ದಾಣದಲ್ಲಿ ಸಾಲು ಕಾಯುತ್ತಿದ್ದೆ. ಅವಳನ್ನು ಇಡೀ ಪಾರ್ಕೇ ಅತ್ತಿಗೆ ಅಂತ ಕರೆಯುತ್ತಿತ್ತು. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವನಾದ ಡ್ರೈವರ್ ಮೀಸೆ ಮಾವ ಕೂಡ.

ನಮ್ಮ ಮೇಲಿದ್ದವನಿಗೆ ನಾವಿಟ್ಟ ಹೆಸರು ಹೆಲ್ಮೆಟ್. ತಲೆಯ ಮೇಲೆ ಆಕಾಶ ಬಿಟ್ಟು ಇನ್ನೇನೂ ಇಲ್ಲದ ಬಯಲಿನಲ್ಲೂ ಬಿಳಿ ಹೆಲ್ಮೆಟ್ ಹಾಕಿಕೊಂಡೇ ಓಡಾಡುತ್ತಿದ್ದ. ಅವನ ಕೋಣೆಯ ಬಾಗಿಲ ಮೇಲೆ ‘ಸುರಕ್ಷತೆ ಮತ್ತು ವೇಳಾಪಟ್ಟಿ’ ಎಂದು ಬರೆದಿತ್ತು. ಎರಡಕ್ಕೂ ಒಬ್ಬನೇ ಅಧಿಕಾರಿ. ನಿಧಾನ ಹೋಗಿ ಅನ್ನುವವನೂ ಅವನೇ, ಬೇಗ ಬನ್ನಿ ಅನ್ನುವವನೂ ಅವನೇ. ನಿಧಾನ ಅನ್ನುವುದನ್ನು ಪುಸ್ತಕದಲ್ಲಿ ಬರೆದುಕೊಡುತ್ತಿದ್ದ. ಬೇಗ ಅನ್ನುವುದನ್ನು ಬಾಯಲ್ಲಿ ಹೇಳುತ್ತಿದ್ದ.

ನಮ್ಮ ಜೇಬಿನಲ್ಲಿ ಸದಾ ಒಂದು ಹಳದಿ ಪುಸ್ತಕ ಇರಬೇಕು. ಅದರ ಹದಿನಾಲ್ಕನೇ ನಿಯಮ: ‘ಹಿಂಬದಿ ಸಿಬ್ಬಂದಿಯು ತನ್ನ ಆಸನದಲ್ಲಿ ಕುಳಿತ ನಂತರವೇ ವಿಷಲ್ ಊದತಕ್ಕದ್ದು.’ ಬಹಳ ಚೆನ್ನಾಗಿದೆ. ಆದರೆ ದಾರಿಗೆ ನಾಲ್ಕು ನಿಮಿಷ, ನಿಲ್ದಾಣದಲ್ಲಿ ನಿಲ್ಲಲೂ ನಾಲ್ಕೇ ನಿಮಿಷ. ಮೂವತ್ತು ಸರಪಳಿ ಹಾಕಿ, ಕಕ್ಕಿದ್ದು ಒರೆಸಿ, ಹಿಂದಕ್ಕೆ ನಡೆದು, ಕೂತು, ಆಮೇಲೆ ಊದಿದರೆ ಆರು ನಿಮಿಷ. ತಡವಾದರೆ ಹೆಲ್ಮೆಟ್ಟನ ಕೋಣೆಯ ಪರದೆಯಲ್ಲಿ ನಮ್ಮ ನಂಬರು ಕೆಂಪಾಗುತ್ತದೆ. ವಾರಕ್ಕೆ ಮೂರು ಕೆಂಪಾದರೆ ಆ ಬಾಲದವಳು ಮುಂದಿನ ವಾರ ಇರುವುದಿಲ್ಲ.

"ಮೊದಲು ವಿಷಲ್ ಊದಿ ಬಿಡಿ. ಟ್ರಾಮ್ ಹೊರಡ್ಲಿ. ಸರಪಳಿ ಹಾಕ್ತಾ ಹಿಂದಕ್ಕೆ ಓಡಿ ಬಂದು ಹತ್ಕೊಳ್ಳಿ. ಬಸ್ಸಿಗೆ ಓಡಿ ಹತ್ತಲ್ವಾ ನೀವೆಲ್ಲ?" ಎಂದಿದ್ದ ಹೆಲ್ಮೆಟ್. ಎಲ್ಲರೂ ಹಾಗೇ ಹತ್ತುತ್ತಿದ್ದರು.

ಅಂದು ಮಧ್ಯಾಹ್ನ ಮೂರನೇ ಡಬ್ಬಿಯಲ್ಲಿ ಒಂದು ಮಗು ಬೆಂಚಿನ ಮೇಲೂ ಹಲಗೆಯ ಮೇಲೂ ಹಸಿರು ಬಣ್ಣದ್ದನ್ನು ಕಕ್ಕಿತ್ತು. ಮಗುವಿನ ಮೇಲೆ ನನಗೆ ಸಿಟ್ಟಿಲ್ಲ. ಅದರ ತಾಯಿ ಮೂಗು ಮುಚ್ಚಿಕೊಂಡು ನಮ್ಮ ಅತ್ತಿಗೆಗೆ, "ಎಷ್ಟು ಗಲೀಜು ಇಟ್ಕೊಂಡಿದೀರಿ," ಎಂದಳು. ಅತ್ತಿಗೆ ನೀರು ಹಾಕಿ ತೊಳೆದಳು. ಅವಳ ಸೊಂಟದ ವೈರ್‌ಲೆಸ್ಸಿನಲ್ಲಿ ಹೆಲ್ಮೆಟ್ ಕಿರುಚುತ್ತಿದ್ದ. "ಹಿಂದೆ ಎರಡು ಟ್ರಾಮ್ ಕಾಯ್ತಿವೆ! ಊದ್ರೀ!" ಅವಳು ಊದಿದಳು. ಓಡಿದಳು. ಒದ್ದೆ ಹಲಗೆಗೆ ಜಿಗಿದಳು. ಜಾರಿದಳು. ಐದನೇ ಡಬ್ಬಿಯ ಚಕ್ರ ಅವಳ ಎಡಗಾಲಿನ ಮೇಲೆ ಹೋಯಿತು.

ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ. ಆ ಸದ್ದನ್ನು ಬರೆಯುವುದಿಲ್ಲ.

ಹೆಲ್ಮೆಟ್ ಓಡಿ ಬಂದ. ಮೊದಲ ಮಾತು, "ಯಾರೂ ಫೋಟೋ ತೆಗೀಬೇಡಿ." ಎರಡನೇ ಮಾತು ನನಗೆ: "ನಿಂತ್ಕೊಂಡು ನೋಡ್ತೀಯಲ್ಲ, ಬಕೆಟ್ ತಗೋ." ಅತ್ತಿಗೆಯನ್ನು ಆಂಬುಲೆನ್ಸಿಗೆ ಹಾಕುವಾಗ ನಾನು ಅವಳದೇ ಬಕೆಟ್ಟಿನಲ್ಲಿ, ಅವಳದೇ ಬಟ್ಟೆಯಲ್ಲಿ, ಅವಳ ರಕ್ತ ಒರೆಸುತ್ತಿದ್ದೆ. ಇಪ್ಪತ್ತು ನಿಮಿಷಕ್ಕೆ ಅದೇ ಟ್ರಾಮ್ ಮುಂದಿನ ಸುತ್ತಿಗೆ ಹೊರಟಿತು. ಜನ ಹತ್ತಿ ಕೂತರು. ಒಬ್ಬ, "ಒದ್ದೆಯಾಗಿದೆ," ಎಂದು ಗೊಣಗಿದ.

ಸಂಜೆ ಆಸ್ಪತ್ರೆಯ ಕಾರಿಡಾರಿಗೆ ಹೆಲ್ಮೆಟ್ ಒಂದು ಕಾಗದ ತಂದ.

"ಇದು ಫಾರಂ. ಸಾಕ್ಷಿ ಸಹಿ ಬೇಕು. ಇಲ್ಲಾಂದ್ರೆ ಅಡ್ಮಿಷನ್ ಮುಂದಕ್ಕೆ ಹೋಗಲ್ಲ."

ಓದಿದೆ. ‘ಸದರಿ ಸಿಬ್ಬಂದಿಯು ಚಲಿಸುತ್ತಿದ್ದ ವಾಹನವನ್ನು ಹತ್ತಲು ಯತ್ನಿಸಿ ಜಾರಿ ಬಿದ್ದಿರುವುದನ್ನು ನಾನು ಕಣ್ಣಾರೆ ಕಂಡಿರುತ್ತೇನೆ.’

"ಇದರಲ್ಲಿ ಸುಳ್ಳೇನಾದ್ರೂ ಇದ್ಯಾ?" ಎಂದು ಕೇಳಿದ.

ಇರಲಿಲ್ಲ. ಅದೇ ನೋಡಿ ಅವರ ಚಾಲಾಕಿ. ಬರೆದದ್ದೆಲ್ಲ ನಿಜ. ಯಾಕೆ ಓಡಿದಳು, ಯಾರು ಓಡಿಸಿದರು ಎನ್ನುವುದನ್ನು ಬರೆದಿರಲಿಲ್ಲ, ಅಷ್ಟೇ. ಒಳಗೆ ಅತ್ತಿಗೆ ನರಳುತ್ತಿದ್ದಳು. ಅವನು ತನ್ನ ಪೆನ್ನು ಕೊಟ್ಟ, ನಾನು ಸಹಿ ಹಾಕಿದೆ. ಕಾಗದ ಮಡಚಿಕೊಂಡು ಹೋಗುವ ಅವಸರದಲ್ಲಿ ಪೆನ್ನು ವಾಪಸು ಕೇಳುವುದನ್ನು ಮರೆತ. ಅದು ನನ್ನ ಹತ್ತಿರವೇ ಉಳಿಯಿತು. ಬಳಸಲೂ ಆಗಲಿಲ್ಲ, ಎಸೆಯಲೂ ಆಗಲಿಲ್ಲ.

ಆ ಕಾಗದ ಯಾವ ಅಡ್ಮಿಷನ್ನಿಗೂ ಬೇಕಾಗಿರಲಿಲ್ಲ. ವಿಚಾರಣೆಗೆ ಬೇಕಾಗಿತ್ತು. ಹದಿನೈದು ದಿನಕ್ಕೆ ಮನೆಗೆ ಪತ್ರ ಬಂತು: ಮೇಲ್ನೋಟಕ್ಕೆ ಸ್ವಂತ ಅಜಾಗರೂಕತೆ ಕಂಡುಬಂದಿದೆ, ಅಂತಿಮ ತೀರ್ಮಾನ ಬಾಕಿ ಇದೆ. ತೀರ್ಮಾನ ಹಾಗೇ ಆದರೆ ಕಂಪನಿ ಅವಳಿಗೆ ಕೃತಕ ಕಾಲು ಕೊಡಬೇಕಾಗಿಲ್ಲ. ಟಿಕೆಟ್ ಕೌಂಟರಿನಲ್ಲಿ ಕೂತು ಮಾಡುವ ಕೆಲಸವನ್ನೂ ಕೊಡಬೇಕಾಗಿಲ್ಲ. ನಲವತ್ತೊಂದನೇ ವಯಸ್ಸಿಗೆ ಅವಳು ನಮ್ಮ ಮೂರನೇ ಮಹಡಿಯ ಕೋಣೆಯಲ್ಲಿ, ಕಿಟಕಿಯ ಪಕ್ಕದ ಮಂಚದಲ್ಲಿ ಕೂತಲ್ಲೇ ಕೂರಬೇಕು.

ಪತ್ರದ ಜೊತೆ ನನ್ನ ಸಹಿಯ ನಕಲನ್ನೂ ಇಟ್ಟಿದ್ದರು. ಅತ್ತಿಗೆ ಅದನ್ನು ನೋಡಿದಳು.

"ನಿಜಾನೇ ತಾನೆ ಬರ್ದಿರೋದು," ಎಂದಳು. ಗೋಡೆ ಕಡೆ ತಿರುಗಿ ಮಲಗಿದಳು.

ನಮ್ಮಮ್ಮನ ಬಾಯಿ ಮಾತ್ರ ಸುಮ್ಮನಿರಲಿಲ್ಲ. "ಓದೋಕೆ ಬರದ ನಾನೇ ವಾಸಿ. ನಾನಾಗಿದ್ರೆ ಹೆಬ್ಬೆಟ್ಟು ಒತ್ತೋಕ್ಮುಂಚೆ ನಾಲ್ಕು ಜನಾನ ಕೇಳ್ತಿದ್ದೆ. ನೀನು ಓದಿದೋಳು ನೋಡು, ಓದಿ ಸಹಿ ಹಾಕ್ದೆ."

ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಆ ಹೇಸಿಗೆಗೆ ಬಕೆಟ್ಟೂ ಇಲ್ಲ, ಬಟ್ಟೆಯೂ ಇಲ್ಲ.

*

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ನಮ್ಮ ಪಾರ್ಕಿನವರೂ ಎರಡು ತಿಂಗಳ ಮೇಲೆ ಟ್ರಾಮುಗಳಿಗೆ ಬಾಗಿಲು ಹಾಕಿಸಿದರು. ಅತ್ತಿಗೆಗಾಗಿ ಅಲ್ಲ. ಫೋಟೋ ತೆಗೀಬೇಡಿ ಅಂದರೂ ಯಾರೋ ವಿಡಿಯೋ ತೆಗೆದಿದ್ದರು, ಅದು ಎಲ್ಲರ ಫೋನಿನಲ್ಲೂ ಓಡಾಡಿತು, ಪಾರ್ಕಿಗೆ ಬರುವವರು ಕಡಿಮೆಯಾದರು. ಏಳು ವರ್ಷದಿಂದ ಎಡಗಡೆಗೆ ಒಂದು ಕಂಬಿ ಹಾಕಿಸಿ ಎಂದು ಮೀಸೆ ಮಾವ ಬಾಯಿ ನೋಯುವಷ್ಟು ಹೇಳಿದ್ದ. ಕೇಳಿಸದ ಕಿವಿಗೆ ಈಗ ತಾನಾಗಿಯೇ ಕೇಳಿಸಿತು.

ಬಾಗಿಲುಗಳು ಚೆನ್ನಾಗಿಯೇ ಇದ್ದವು. ಕೂತವರ ಎದೆಯ ಎತ್ತರ, ನೀಲಿ ಬಣ್ಣ, ಮೇಲಂಚಿಗೆ ಒಂದು ಕಂಬಿ. ಪ್ರತಿಯೊಂದರ ಮೇಲೂ ‘ನಿಮ್ಮ ಸುರಕ್ಷತೆಯೇ ನಮ್ಮ ಸಂಭ್ರಮ’ ಎಂಬ ಸ್ಟಿಕರು. ಮಕ್ಕಳು ತೆಗೆಯಬಾರದೆಂದು ಚಿಲಕವನ್ನು ಹೊರಗಡೆ, ಮೊಣಕಾಲಿನ ಮಟ್ಟದಲ್ಲಿ, ಮೇಲೊಂದು ತಗಡು ಮುಚ್ಚಿ ಕೂರಿಸಿದ್ದರು. ಒಳಗಿನಿಂದ ಎಷ್ಟು ಬಗ್ಗಿದರೂ ಕೈ ಎಟುಕುವುದಿಲ್ಲ. ಡ್ರೈವರ್ ಮುಂದೆ ಒಂದು ದೀಪ. ಎಲ್ಲ ಬಾಗಿಲೂ ಬಿದ್ದರೆ ಹಸಿರು. ಒಂದು ತೆರೆದಿದ್ದರೂ ಕೆಂಪು.

ಐದು ಡಬ್ಬಿಗೆ ಮೂವತ್ತು ಬಾಗಿಲು. ಬಾಲದ ಸೀಟಿಗೊಂದು. ಮೂವತ್ತೊಂದು.

ಬಾಗಿಲು ಬಂದ ವಾರವೇ ನಿಲ್ದಾಣದಲ್ಲಿ ಸಾಲು ಕಾಯುವ ಕೆಲಸವನ್ನು ತೆಗೆದು ಹಾಕಿದರು. "ಬಾಗ್ಲೇ ಇದೆಯಲ್ಲ, ಕಾಯೋದೇನು?" ಎಂದ ಹೆಲ್ಮೆಟ್. ನನ್ನನ್ನು ಅತ್ತಿಗೆಯ ಸೀಟಿನಲ್ಲಿ ಕೂರಿಸಿದರು. ಅವಳ ವಿಷಲ್ಲನ್ನೇ ಕೊಟ್ಟರು. ಅದರ ಬಾಯಿಯಲ್ಲಿ ಅವಳ ಹಲ್ಲಿನ ಗುರುತು ಇನ್ನೂ ಇತ್ತು.

ಪ್ರಯೋಗದ ದಿನ, ಬಾಗಿಲು ಕೂರಿಸಿದ ಫಿಟ್ಟರ್ ತಲೆ ಕೆರೆದುಕೊಂಡ.

"ಸಾರ್, ಬಾಲದ ಸೀಟಿಗೂ ಚಿಲಕ ಹೊರಗಡೇನೇ ಬಂದಿದೆ."

"ಡ್ರಾಯಿಂಗಲ್ಲಿ ಹಾಗೇ ಇದೆ," ಎಂದ ಹೆಲ್ಮೆಟ್.

"ಅಲ್ಲಾ ಸಾರ್, ಇವಳು ಒಳಗೆ ಕೂತ್ರೆ ಇವಳ ಬಾಗ್ಲು ಯಾರು ಹಾಕ್ತಾರೆ?"

"ನಿನ್ನ ಕೆಲಸ ಬೋಲ್ಟ್ ಬಿಗಿಯೋದು. ಬಿಗಿ."

ಆಮೇಲೆ ನನ್ನ ಕಡೆ ತಿರುಗಿ ಸ್ವರ ತಗ್ಗಿಸಿದ. "ನೋಡು, ಸುಲಭ. ಮೊದಲು ನಿನ್ನ ಬಾಗ್ಲು ಹಾಕ್ಬಿಡು. ಆಮೇಲೆ ಮಿಕ್ಕಿದ್ದು. ದೀಪ ಹಸಿರಾಗುತ್ತೆ. ನೀನು ಹಲಗೆ ಮೇಲೆ ನಿಂತು ಕಂಬಿ ಹಿಡ್ಕೋ. ನಾಲ್ಕು ನಿಮಿಷ ತಾನೆ?"

"ಅಂದ್ರೆ ಖಾಲಿ ಸೀಟಿಗೆ ಬಾಗ್ಲು, ನಾನು ಹೊರಗೆ?"

"ಬಾಲ ಬಿಚ್ಬೇಡ. ಹೇಳಿದಷ್ಟು ಮಾಡು."

ಅಂದು ಹದಿನೆಂಟು ಸುತ್ತು ಹಾಗೇ ಹೋದೆ. ನನ್ನ ಸೀಟು ಬಾಗಿಲು ಹಾಕಿಕೊಂಡು ಸುಖವಾಗಿ ಕೂತಿತ್ತು. ನಾನು ಹೊರಗೆ ಜೋತುಬಿದ್ದಿದ್ದೆ, ಕೆಳಗೆ ಅದೇ ಚಕ್ರ. ತಿರುವಿನಲ್ಲಿ ಕಂಬಿ ಹಿಡಿದ ಕೈ ಬೆವರಿ ಜಾರುತ್ತಿತ್ತು. ಮೈಕಿನಲ್ಲಿ ಹೇಳುತ್ತಿದ್ದೆ: "ಮಾನ್ಯ ಅತಿಥಿಗಳೇ, ದಯವಿಟ್ಟು ನಿಮ್ಮ ಕೈಕಾಲುಗಳನ್ನು ಒಳಗಿಟ್ಟುಕೊಳ್ಳಿ."

ಸಂಜೆ ಹೊಸ ಹಳದಿ ಪುಸ್ತಕ ಕೊಟ್ಟರು. ಹದಿನಾಲ್ಕನೇ ನಿಯಮ: ಹಿಂಬದಿ ಸಿಬ್ಬಂದಿಯು ಆಸನದಲ್ಲಿ ಕುಳಿತು ಬಾಗಿಲು ಭದ್ರಪಡಿಸಿಕೊಳ್ಳತಕ್ಕದ್ದು, ಕುಳಿತ ಮೇಲೆ ಇಳಿಯತಕ್ಕದ್ದಲ್ಲ. ಹದಿನೈದು: ಹಲಗೆಯ ಮೇಲೆ ನಿಂತು ಪ್ರಯಾಣಿಸುವುದನ್ನು ನಿಷೇಧಿಸಿದೆ, ಉಲ್ಲಂಘನೆಗೆ ಸಿಬ್ಬಂದಿಯೇ ಹೊಣೆ. ಹದಿನಾರು: ದೀಪ ಕೆಂಪಿದ್ದರೆ, ಅಥವಾ ಹಲಗೆಯ ಮೇಲೆ ಯಾರಾದರೂ ನಿಂತಿದ್ದರೆ, ಚಾಲಕನು ವಾಹನ ಚಲಾಯಿಸತಕ್ಕದ್ದಲ್ಲ. ಪುಸ್ತಕ ತಲುಪಿದ್ದಕ್ಕೆ ಸಹಿ ಹಾಕಿ ಎಂದರು. ಎಲ್ಲರೂ ಹಾಕಿದೆವು. ಮುಂದಿನ ಕಾಲು ಹೋದಾಗ ತೋರಿಸಲು ಅವರಿಗೆ ಇನ್ನೊಂದು ಕಾಗದ ಸಿಕ್ಕಿತು.

*

ಭಾನುವಾರ ಬೆಳಗ್ಗೆ ಹೆಲ್ಮೆಟ್ ನಮ್ಮ ಮನೆಗೇ ಬಂದ. ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದ. ಕೈಯಲ್ಲಿ ಪ್ಲಾಸ್ಟಿಕ್ ಹೂಗಳ ಗುಚ್ಛ. ಅತ್ತಿಗೆಯ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತ.

"ಬುಧವಾರ ಬಾಗಿಲುಗಳ ಉದ್ಘಾಟನೆ. ಯಜಮಾನರೇ ಬರ್ತಾರೆ. ಪತ್ರಿಕೆಯವರು, ಟೀವಿಯವರು. ರಿಬ್ಬನ್ ನೀವೇ ಕಟ್ ಮಾಡ್ಬೇಕು ಅಂತ ಅವರ ಆಸೆ."

"ನಾನ್ಯಾಕೆ?" ಎಂದಳು ಅತ್ತಿಗೆ.

"ನೀವು ನಮ್ಮ ಕುಟುಂಬದೋರು ಅಲ್ವಾ?"

ಅಮ್ಮ ಒಳಗಿನಿಂದ, "ಕುಟುಂಬದೋರಿಗೆ ಎರಡು ತಿಂಗಳಿಂದ ದಾರಿ ಗೊತ್ತಿರ್ಲಿಲ್ಲ ಅನ್ಸುತ್ತೆ," ಎಂದಳು.

ಅವನು ಹಲ್ಲು ಕಿರಿದ. "ಅವತ್ತು ಸಂಜೇನೇ ನಿಮ್ಮ ವಿಚಾರಣೆ ಫೈಲು ಯಜಮಾನರ ಮುಂದೆ ಹೋಗುತ್ತೆ. ಬಂದು, ಕೂತು, ನಗ್ತಾ ಇದ್ರೆ ಎಲ್ಲಾ ಸರಿಹೋಗುತ್ತೆ. ನಗಬೇಕು, ಅಷ್ಟೇ."

"ಸರಿಹೋಗುತ್ತೆ ಅನ್ನೋದನ್ನ ಬರ್ದು ಕೊಡ್ತೀರಾ?"

"ಅಯ್ಯೋ, ನಂಬಿಕೆ ಮೇಲೆ ಲೋಕ ನಡೀತದೆ ಅಕ್ಕಾ."

ನಮ್ಮ ಸಹಿ ಬೇಕಾದಾಗ ಕಾಗದ, ನಮಗೆ ಬೇಕಾದಾಗ ನಂಬಿಕೆ. ಅವನು ಹೋದ ಮೇಲೆ ಅಮ್ಮ ಆ ಪ್ಲಾಸ್ಟಿಕ್ ಹೂಗಳನ್ನು ಬಚ್ಚಲಿನ ಕಿಟಕಿಗೆ ಸಿಕ್ಕಿಸಿದಳು. ಅಲ್ಲಿ ಗಾಜು ಒಡೆದಿತ್ತು.

ನಮ್ಮ ಬಚ್ಚಲು ಕಾರಿಡಾರಿನ ತುದಿಯಲ್ಲಿದೆ, ನಾಲ್ಕು ಮನೆಗೆ ಒಂದೇ. ಒಳಗಿನ ಚಿಲಕ ಮುರಿದು ವರ್ಷವಾಯಿತು. ಹೊರಗಿನದು ಮಾತ್ರ ಗಟ್ಟಿಯಾಗಿದೆ. ಹಾಗಾಗಿ ಒಳಗೆ ಹೋದವರು ಒಂದೇ ಸಮ ಹಾಡಬೇಕು, ಇಲ್ಲವಾದರೆ ಯಾರಾದರೂ ಬಾಗಿಲು ತಳ್ಳುತ್ತಾರೆ. ಅಂದು ಅಮ್ಮ ಸ್ನಾನಕ್ಕೆ ಹೋಗಿ ಹಾಡುತ್ತಿದ್ದಳು. ನಾನು ಅತ್ತಿಗೆಯ ಕಾಲಿನ ಪಟ್ಟಿ ಬಿಚ್ಚುತ್ತಾ, ಎರಡು ತಿಂಗಳಲ್ಲಿ ಮೊದಲ ಸಲ, ಬಾಯಿಬಿಟ್ಟು ಎಲ್ಲ ಹೇಳಿದೆ. ಹಲಗೆ, ಖಾಲಿ ಸೀಟು, ಮೂವತ್ತೊಂದನೇ ಬಾಗಿಲು, ಎಲ್ಲ.

ಅತ್ತಿಗೆ ಅಮ್ಮನ ಹಾಡು ಕೇಳುತ್ತಿದ್ದಳು.

"ನಮ್ಮ ಬಚ್ಚಲಿನ ಥರಾನೇ ಅನ್ನು. ಒಳಗಿರೋರಿಗೆ ಚಿಲಕ ಇಲ್ಲ."

"ಹೂಂ."

"ಪುಸ್ತಕ ತಾ ಇಲ್ಲಿ."

ಮೂರು ನಿಯಮಗಳನ್ನೂ ಎರಡೆರಡು ಸಲ ಓದಿದಳು. ಆಮೇಲೆ ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ನಕ್ಕಳು.

"ಇದರಲ್ಲಿ ಬರ್ದಿರೋ ಹಾಗೇ ಮಾಡಿದ್ರೆ ಏನಾಗುತ್ತೆ ಗೊತ್ತಾ ನಿಂಗೆ?"

"ಏನಾಗುತ್ತೆ?"

"ಟ್ರಾಮ್ ಹೊರಡೋದೇ ಇಲ್ಲ ಕಣೇ."

ನಾನು ಅವಳ ಮುಖ ನೋಡಿದೆ. ಅವಳು ಪುಸ್ತಕ ಮುಚ್ಚಿ ನನ್ನ ಕೈಗಿಟ್ಟಳು. "ಬುಧವಾರ ಹೋಗೋಣ. ನಾನು ನಗ್ತೀನಿ. ನಗು ಅಂದಿದಾರಲ್ಲ. ನೀನು ಪುಸ್ತಕ ಪಾಲಿಸು."

"ಅತ್ತಿಗೆ, ಆ ಸಹಿ..."

"ಕಾಲು ಹೋಗಿರೋದು ನಂದು. ಕಣ್ಣು ಹೋಗಿಲ್ಲ. ನೀನು ಯಾವ ಗಳಿಗೇಲಿ ಹಾಕಿದೆ ಅಂತ ನಂಗೊತ್ತು. ಅಳೋದು ಆಮೇಲೆ, ಪಟ್ಟಿ ಕಟ್ಟು ಮೊದಲು."

ಮರುದಿನ ಚಹಾ ಹೊತ್ತಿನಲ್ಲಿ ಉಳಿದ ನಾಲ್ಕು ಬಾಲದವರಿಗೂ ಹೇಳಿದೆ. ಒಬ್ಬಳು, "ಬೆಕ್ಕಿಗೆ ಗಂಟೆ ಕಟ್ಟೋರು ಯಾರಮ್ಮಾ?" ಎಂದಳು.

"ಗಂಟೆ ಕಟ್ಟೋದು ಬೇಡ. ಸುಮ್ನೆ ಕೂತ್ಕೊಂಡ್ರೆ ಸಾಕು," ಎಂದೆ.

ಮೀಸೆ ಮಾವ ಚಹಾ ಲೋಟ ಕೆಳಗಿಟ್ಟು ಮೀಸೆ ಒರೆಸಿಕೊಂಡ. "ಮೂವತ್ತು ವರ್ಷದಲ್ಲಿ ನಿಯಮ ಪಾಲಿಸಿ ಅಂತ ಒಬ್ರೂ ನನ್ನ ಕೇಳಿರ್ಲಿಲ್ಲ. ಇದೊಂದು ಪುಣ್ಯ ಕಟ್ಕೋತೀನಿ ಬಿಡು."

*

ಬುಧವಾರ ಹನ್ನೊಂದು ಗಂಟೆಯ ಬಿಸಿಲು. ಡಾಂಬರು ಬೇಯುತ್ತಿತ್ತು. ಐದು ಟ್ರಾಮುಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿ ಬಲೂನು ಕಟ್ಟಿದ್ದರು. ನಮ್ಮದು ಎಲ್ಲಕ್ಕಿಂತ ಮುಂದೆ. ಅತ್ತಿಗೆಯನ್ನು ಗಾಲಿಕುರ್ಚಿಯಲ್ಲಿ ತಂದು, ಮೊಟಕು ಕಾಲು ಕಾಣದಂತೆ ಮೇಲೊಂದು ಶಾಲು ಹೊದಿಸಿದರು. ಅವಳು ಅದನ್ನು ತೆಗೆದು ಮಡಚಿ ತೊಡೆಯ ಮೇಲಿಟ್ಟುಕೊಂಡಳು. ರಿಬ್ಬನ್ ಕತ್ತರಿಸಿದಳು. ನಕ್ಕಳು. ಕ್ಯಾಮೆರಾಗಳು ಚಕಚಕ ಅಂದವು. ಯಜಮಾನರು ಅವಳ ಹೆಗಲ ಮೇಲೆ ಕೈಯಿಟ್ಟು, "ಸಿಬ್ಬಂದಿಯ ಸುರಕ್ಷತೆಯೇ ನಮಗೆ ಮೊದಲು," ಎಂದರು.

ಅವಳನ್ನು ಮೊದಲ ಸಾಲಿನಲ್ಲಿ, ಮೀಸೆ ಮಾವನ ಬೆನ್ನಿಗೇ ಕೂರಿಸಿದರು. ಪಕ್ಕದಲ್ಲಿ ಯಜಮಾನರು. ಪತ್ರಿಕೆಯವರು, ನೆಂಟರು, ಬೇಕಾದವರು ಐದು ಡಬ್ಬಿಯಲ್ಲೂ ತುಂಬಿದರು. ಹೆಲ್ಮೆಟ್ ಕೊನೆಯ ಸಾಲಿನಲ್ಲಿ, ನನ್ನ ಮುಂದೆ ಕೂತ. ನಾನು ಮುಂದಿನಿಂದ ಒಂದೊಂದೇ ಬಾಗಿಲು ಹಾಕುತ್ತಾ ಬಂದೆ. ಅವಸರ ಮಾಡಲಿಲ್ಲ. ಮೂವತ್ತನೆಯದು ಹೆಲ್ಮೆಟ್ಟನದು. ಅದನ್ನೂ ಹಾಕಿ ಚಿಲಕ ಎಳೆದೆ.

ಆಮೇಲೆ ನನ್ನ ಸೀಟಿನಲ್ಲಿ ಹೋಗಿ ಕೂತೆ. ಏಳು ವರ್ಷದಲ್ಲಿ ಯಾವ ಬಾಲದವಳೂ ಹೊರಡುವ ಮೊದಲು ಅಲ್ಲಿ ಕೂತಿರಲಿಲ್ಲ. ಸೀಟು ಮೆತ್ತಗಿತ್ತು.

ಒಂದು ನಿಮಿಷ ಹೋಯಿತು. ಎರಡಾಯಿತು. ಜನ ಕರವಸ್ತ್ರದಿಂದ ಗಾಳಿ ಹಾಕಿಕೊಳ್ಳತೊಡಗಿದರು.

"ಯಾಕಪ್ಪಾ ಹೊರಡ್ತಿಲ್ಲ?" ಮುಂದಿನಿಂದ ಯಜಮಾನರ ದನಿ.

"ದೀಪ ಕೆಂಪಿದೆ ಸಾರ್," ಎಂದ ಮೀಸೆ ಮಾವ, ಡ್ರೈವರಿನ ಮೈಕಿನಲ್ಲಿ. ಐದೂ ಡಬ್ಬಿಗೆ ಕೇಳಿಸಿತು. "ಕೆಂಪಿದ್ರೆ ಬಿಡಬಾರದು ಅಂತ ಪುಸ್ತಕದಲ್ಲಿದೆ."

ಹೆಲ್ಮೆಟ್ ಹಿಂದಕ್ಕೆ ತಿರುಗಿದ. "ಏಯ್, ನಿನ್ನ ಬಾಗ್ಲು ಹಾಕೇ!"

ನಾನು ನನ್ನ ಮೈಕು ತೆಗೆದುಕೊಂಡೆ. ಜೇಬಿನಿಂದ ಹಳದಿ ಪುಸ್ತಕ ತೆಗೆದು ಗಟ್ಟಿಯಾಗಿ ಓದಿದೆ.

"ಮಾನ್ಯ ಅತಿಥಿಗಳೇ. ನಿಯಮ ಹದಿನಾಲ್ಕು. ಹಿಂಬದಿ ಸಿಬ್ಬಂದಿಯು ಆಸನದಲ್ಲಿ ಕುಳಿತು ಬಾಗಿಲು ಭದ್ರಪಡಿಸಿಕೊಳ್ಳತಕ್ಕದ್ದು. ಕುಳಿತ ಮೇಲೆ ಇಳಿಯತಕ್ಕದ್ದಲ್ಲ. ನಾನು ಕೂತಿದ್ದೀನಿ. ನನ್ನ ಬಾಗಿಲಿನ ಚಿಲಕ ಹೊರಗಡೆ ಇದೆ. ಕೈ ಎಟುಕಲ್ಲ. ದಯವಿಟ್ಟು ಸಹಕರಿಸಿ."

ಯಾರೋ ಕಿಸಕ್ಕನೆ ನಕ್ಕರು. ಫೋನುಗಳು ಒಂದೊಂದಾಗಿ ಮೇಲೆದ್ದವು.

"ತಮಾಷೆ ಮಾಡ್ತೀಯಾ? ನನ್ನ ಬಾಗ್ಲು ತೆಗಿ!" ಹೆಲ್ಮೆಟ್ ತನ್ನ ಬಾಗಿಲನ್ನು ಒದ್ದ. ಅದು ಅಲುಗಲಿಲ್ಲ. ಒಳ್ಳೆಯ ಬಾಗಿಲುಗಳು ಅಂದೆನಲ್ಲ. ಕೊನೆಗೆ ಬೆಂಚಿನ ಮೇಲೆ ಹತ್ತಿ, ಬಾಗಿಲ ಮೇಲಿಂದ ಕಾಲು ಹಾಕಿ, ಪ್ಯಾಂಟು ಹರಿದುಕೊಂಡು ಕೆಳಗೆ ಬಿದ್ದ. ಎದ್ದು ಬಂದು ನನ್ನ ಬಾಗಿಲನ್ನು ಧಡಾರನೆ ಹಾಕಿ ಚಿಲಕ ಜಡಿದ.

"ಹಸಿರಾಯ್ತು ಸಾರ್," ಎಂದ ಮೀಸೆ ಮಾವ.

"ಹೊರಡು ಮತ್ತೆ!"

"ಸುರಕ್ಷತಾ ಸಾಹೇಬರು ಹೊರಗಿದ್ದಾರಲ್ಲ ಸಾರ್. ಉದ್ಘಾಟನೆ ಓಟಕ್ಕೆ ಅವರು ಒಳಗಿರ್ಲೇಬೇಕು ಅಂತ ಅವರದೇ ಆರ್ಡರು. ಹತ್ಕೊಳ್ಲಿ."

ಹೆಲ್ಮೆಟ್ ತನ್ನ ಸಾಲಿನ ಬಾಗಿಲು ತೆಗೆದ. ದೀಪ ಕೆಂಪಾಯಿತು. ಒಳಗೆ ಹೋಗಿ ಕೂತ. ಬಾಗಿಲು ಎಳೆದುಕೊಂಡ. ಚಿಲಕ ಹೊರಗೆ. ಬಗ್ಗಿ ಕೈ ಚಾಚಿದ, ತಗಡಿಗೆ ಮೊಣಕೈ ತರಚಿತು. ಮತ್ತೆ ಇಳಿದ. ಹೊರಗೆ ನಿಂತು ಚಿಲಕ ಹಾಕಿದ. ದೀಪ ಹಸಿರಾಯಿತು. ಅವನು ಹೊರಗೇ ಉಳಿದ. ಹೆಲ್ಮೆಟ್ಟಿನ ಕೆಳಗಿನಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಈಗ ಇಡೀ ಟ್ರಾಮ್ ನಗುತ್ತಿತ್ತು.

ಯಜಮಾನರಿಗೆ ರೇಗಿತು. ಏನೋ ಕೂಗಿದರು. ಮೀಸೆ ಮಾವ ವಿನಯವಾಗಿ ಮೈಕನ್ನು ಅವರ ಬಾಯಿಯ ಹತ್ತಿರ ಹಿಡಿದ. "ಇದರಲ್ಲಿ ಹೇಳಿ ಸಾರ್, ಹಿಂದಕ್ಕೆ ಕೇಳ್ಸಲ್ಲ."

ಯಜಮಾನರು ಹೇಳಿದರು. ಐದು ಡಬ್ಬಿಗೂ ಸ್ಪಷ್ಟವಾಗಿ ಕೇಳಿಸಿತು.

"ಆ ಹಲಗೆ ಮೇಲೆ ನಿಂತ್ಕೊಂಡು ಬನ್ರೀ! ದಿನಾ ಅವರೆಲ್ಲ ಹಾಗೇ ಬರಲ್ವಾ? ನಾಲ್ಕು ನಿಮಿಷ ತಾನೆ?"

ನಗು ನಿಂತಿತು.

ಹೆಲ್ಮೆಟ್ ಕಂಬಿ ಹಿಡಿದ. ಒಂದು ಕಾಲನ್ನು ಹಲಗೆಯ ಮೇಲಿಟ್ಟ. ಆಮೇಲೆ ಕೆಳಗೆ ನೋಡಿದ. ಐದನೇ ಡಬ್ಬಿಯ ಚಕ್ರ ಅವನ ಶೂಸಿನಿಂದ ಒಂದು ಗೇಣು ದೂರದಲ್ಲಿತ್ತು. ಅವನ ಮುಖದಿಂದ ಬಣ್ಣ ಇಳಿದುಹೋದದ್ದನ್ನು ನಾನು ಹತ್ತಿರದಿಂದ ನೋಡಿದೆ. ಕಾಲು ವಾಪಸು ನೆಲಕ್ಕಿಟ್ಟ.

"ಆಗಲ್ಲ ಸಾರ್," ಎಂದ. "ಬಿದ್ರೆ ಕಾಲು ಹೋಗುತ್ತೆ."

ಮುಂದಿನ ಸಾಲಿನಲ್ಲಿ ಅತ್ತಿಗೆ ಮೀಸೆ ಮಾವನ ಕೈಯಿಂದ ಮೈಕು ತೆಗೆದುಕೊಂಡಳು.

"ಏನಂತೆ ಹಿಂದೆ? ಸರಿಯಾಗಿ ಕೇಳಿಸ್ಲಿಲ್ಲ."

"ಬಿದ್ರೆ ಕಾಲು ಹೋಗುತ್ತಂತೆ ಅತ್ತಿಗೆ. ಸಾಹೇಬ್ರು ಹತ್ತಲ್ವಂತೆ," ಎಂದೆ ನನ್ನ ಮೈಕಿನಲ್ಲಿ.

"ಹೌದಾ? ಹಾಗಿದ್ರೆ ಅದನ್ನ ಬರ್ಕೋ."

ಯಜಮಾನರು ಮೈಕು ಕಿತ್ತುಕೊಂಡು ಫಿಟ್ಟರನನ್ನು ಕೂಗಿದರು. ಹೆಲ್ಮೆಟ್ಟನನ್ನು ಕೂರಿಸಿ ಹೊರಗಿನಿಂದ ಚಿಲಕ ಹಾಕಬೇಕಂತೆ, ಇಲ್ಲವೇ ಬಾಗಿಲು ತೆರೆದಿದ್ದರೂ ಹೊರಡುವಂತೆ ದೀಪದ ವೈರು ಕತ್ತರಿಸಬೇಕಂತೆ. ಫಿಟ್ಟರ್ ಇಕ್ಕಳ ಹಿಡಿದು ಬಂದ. ಅತ್ತಿಗೆಯ ಮುಂದೆ ಒಂದು ಕ್ಷಣ ನಿಂತ. "ನನ್ನ ಕೆಲಸ ಬೋಲ್ಟ್ ಬಿಗಿಯೋದು ಸಾರ್. ಚಿಲಕ ಹಾಕೋದೂ ವೈರ್ ಕತ್ತರಿಸೋದೂ ಪುಸ್ತಕದಲ್ಲಿಲ್ಲ," ಎಂದು ಇಕ್ಕಳವನ್ನು ಜೇಬಿಗಿಳಿಸಿದ. ಹಿಂದಿನ ಟ್ರಾಮುಗಳನ್ನಾದರೂ ಮುಂದೆ ತನ್ನಿ ಎಂದರು. ನಾನು ತಿರುಗಿ ನೋಡಿದೆ. ನಾಲ್ಕರ ಬಾಲದಲ್ಲೂ ಅವರವರ ಸೀಟಿನಲ್ಲಿ ಅವರವರು ಕೂತಿದ್ದರು, ಕೈ ತೊಡೆಯ ಮೇಲಿಟ್ಟುಕೊಂಡು. ಅಂದರೆ ಇನ್ನೂ ನಾಲ್ಕು ಕೆಂಪು ದೀಪ.

ಹಳದಿ ಪುಸ್ತಕದ ಕೊನೆಯ ಹಾಳೆ ಖಾಲಿಯಿತ್ತು. ಬರೆದೆ. ‘ಹಲಗೆಯ ಮೇಲೆ ನಿಂತು ಬರುವಂತೆ ಯಜಮಾನರು ಸುರಕ್ಷತಾ ಅಧಿಕಾರಿಯವರಿಗೆ ಹೇಳಿದ್ದನ್ನೂ, ಬಿದ್ದರೆ ಕಾಲು ಹೋಗುತ್ತದೆಂದು ಅವರು ನಿರಾಕರಿಸಿದ್ದನ್ನೂ ನಾನು ಕಣ್ಣಾರೆ ಕಂಡಿರುತ್ತೇನೆ. ಓಡಿ ಬಂದು ಹಲಗೆ ಹತ್ತಿ ಎಂದು ನಮಗೆ ಏಳು ವರ್ಷದಿಂದ ಹೇಳುತ್ತಿದ್ದರು. ಅತ್ತಿಗೆ ಓಡಿದ್ದು ಅದಕ್ಕೇ.’ ಸಹಿ ಹಾಕಿದೆ.

ಪುಸ್ತಕವನ್ನು ಮುಂದಿನ ಸಾಲಿಗೆ ಕೊಟ್ಟೆ. ಪತ್ರಿಕೆಯ ಹುಡುಗಿಯೊಬ್ಬಳು ಅದರ ಫೋಟೋ ತೆಗೆದು ಮುಂದಕ್ಕೆ ದಾಟಿಸಿದಳು. ಅದು ಕೈಯಿಂದ ಕೈಗೆ ಮೀಸೆ ಮಾವನ ತನಕ ಹೋಯಿತು. ಅವನು ಸಹಿ ಹಾಕಿದ. ಫಿಟ್ಟರ್ ಹಾಕಿದ, ಹಿಂದಿನ ಟ್ರಾಮುಗಳಿಗೂ ಅವನೇ ಒಯ್ದ. ನಾಲ್ಕು ಬಾಲದವರು, ನಾಲ್ಕು ಡ್ರೈವರುಗಳು ಹಾಕಿದರು. ಒಬ್ಬಳಿಗೆ ಬರೆಯಲು ಬರುತ್ತಿರಲಿಲ್ಲ. ನಾಲ್ಕು ಜನರನ್ನು ಕೇಳಿ, ಓದಿಸಿಕೊಂಡು, ಹೆಬ್ಬೆಟ್ಟು ಒತ್ತಿದಳು.

ಪುಸ್ತಕ ನನ್ನ ಕೈಗೆ ಮರಳಿ ಬರುವ ಹೊತ್ತಿಗೆ ಹೆಲ್ಮೆಟ್ ನನ್ನ ಬಾಗಿಲಿನ ಪಕ್ಕವೇ ನಿಂತಿದ್ದ. ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದಿದ್ದ. ತಲೆಗೂದಲು ಒದ್ದೆಯಾಗಿ ಅಂಟಿಕೊಂಡಿತ್ತು.

"ಈಗ್ಲಾದ್ರೂ ಇಳಿತೀಯಾ?" ಎಂದು ಮೆಲ್ಲಗೆ ಕೇಳಿದ.

"ಇನ್ನೂ ಒಂದು ಸಹಿ ಬಾಕಿ ಇದೆ ಸಾರ್," ಎಂದೆ.

ಪುಸ್ತಕವನ್ನು ಬಾಗಿಲ ಮೇಲೆ ಬಿಡಿಸಿಟ್ಟು, ಅವನ ಪೆನ್ನನ್ನು ಅವನಿಗೇ ಚಾಚಿದೆ.

"ಓದಿ ನೋಡಿ. ಇದರಲ್ಲಿ ಸುಳ್ಳೇನಾದ್ರೂ ಇದ್ಯಾ?"